ಎರಡು ತಾಳಿನ ಕೂರಿಗೆ, ಎರಡು ಮೊನೆಯ ಸೂಜಿ

ಮುಂಗಾರು ಹದವಾಗಿ ಬಿದ್ದ ವರ್ಷ ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಸ್ಸಿನ ಕಿಟಕಿ ಪಕ್ಕ ಕುಳಿತು ಬಂದವರು ಇದನ್ನು ನೋಡಿರುತ್ತೀರಿ. ಕೆಮ್ಮಣ್ಣಿನ ಹೊಲ, ಜೋಡೆತ್ತು, ಹಿಂದೆ ಕೂರಿಗೆ. ತಾಳು ಹರಿದ ಕಡೆಯೆಲ್ಲ ಸಾಲು. ಹೊಲದ ತುದಿ ಮುಟ್ಟಿ ಎತ್ತು ಹೊರಳಿಸಿದ ಮೇಲೆ ರೈತ ಹಗ್ಗ ಹಿಡಿದು ಅಳೆಯುವುದಿಲ್ಲ. ಈಗಷ್ಟೇ ಬಿತ್ತಿದ ಸಾಲಿನ ಪಕ್ಕಕ್ಕೇ ತಾಳು ಇಳಿಸಿ, ಅದನ್ನೇ ನೋಡುತ್ತ ಮುಂದಿನ ಸಾಲು ಹಿಡಿಯುತ್ತಾನೆ. ಮೊದಲ ಸಾಲು ನೆಟ್ಟಗಿದ್ದರೆ ಹೊಲವೆಲ್ಲ ನೆಟ್ಟಗೆ. ಮೊದಲ ಸಾಲು ಸೊಟ್ಟಗಾದರೆ ಆ ಸೊಟ್ಟು ಬದುವಿನ ತನಕ ಹೋಗುತ್ತದೆ.

ಈ ಹೊತ್ತು ನಾನು ಹೇಳುವುದು ಹೊಲಿಗೆಯ ಮಾತು. ನನ್ನ ಬಳಿ ಕಲಿಯಲು ಬರುವ ಹೆಣ್ಣುಮಕ್ಕಳಿಗೆ ಅವಳಿ ಸೂಜಿಯ ಪಿನ್ ಟಕ್ ಹೇಳಿಕೊಡುವಾಗ ನಾನು ಕೂರಿಗೆಯಿಂದಲೇ ಶುರು ಮಾಡುತ್ತೇನೆ. ಅವರಲ್ಲಿ ಮುಕ್ಕಾಲು ಪಾಲು ಹೊಲದ ಮನೆಯವರು. ಕೂರಿಗೆ ಹಿಂದೆ ಅಕ್ಕಡಿ ಕಾಳು ಬಿಡುತ್ತ ನಡೆದವರು. "ಎರಡು ತಾಳಿನ ಕೂರಿಗೆ ಅಂದ್ಕೊಳ್ರಿ" ಅಂದರೆ ಸಾಕು, ಅರ್ಧ ಪಾಠ ಮುಗಿಯುತ್ತದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸುತ್ತೇನೆ. ನಮ್ಮ ಕಡೆ ಟೇಲರಿಂಗ್ ಕಲಿತವರಿಗೆ ಟಕ್ಸ್ ಎಂದೊಡನೆ ಬ್ಲೌಸಿನ ಎದೆಭಾಗಕ್ಕೆ ಆಕಾರ ಕೊಡಲು ಹಿಡಿಯುವ ಟಕ್ಸ್ ನೆನಪಾಗುತ್ತದೆ. ಪಿನ್ ಟಕ್ ಅದಲ್ಲ. ಬಟ್ಟೆಯ ಮೇಲೆ ಗುಂಡುಸೂಜಿಯಷ್ಟೇ ದಪ್ಪದ ಏಣುಗಳನ್ನು ಒಂದರ ಪಕ್ಕ ಒಂದರಂತೆ ಎಬ್ಬಿಸುವುದು ಪಿನ್ ಟಕ್. ಕುರ್ತಾದ ಎದೆ, ತೋಳಿನ ತುದಿ, ಮಗುವಿನ ಫ್ರಾಕಿನ ಯೋಕ್, ತಲೆದಿಂಬಿನ ಗವಸು, ಇಲ್ಲೆಲ್ಲ ಅದು ಒಪ್ಪುತ್ತದೆ. ಬಣ್ಣ ಬೇಡ, ಜರಿ ಬೇಡ, ಮಣಿ ಬೇಡ. ಬಟ್ಟೆಯೇ ಎದ್ದು, ತನ್ನ ನೆರಳನ್ನು ತನ್ನ ಮೇಲೇ ಬೀಳಿಸಿಕೊಂಡು ಚಿತ್ತಾರವಾಗುತ್ತದೆ. ಬ್ಲೌಸಿಗೆ ಏನಾದರೂ ಮಾಡಿಸಬೇಕೆಂದರೆ ಮೊದಲು ಅಂಟಿಸುವ ಕಲ್ಲು, ಹೊಳೆಯುವ ಲೇಸು ನೆನಪಾಗುವ ಈ ಕಾಲದಲ್ಲಿ, ಒಗೆದಷ್ಟೂ ಉದುರದೆ ಉಳಿಯುವ ಅಂದ ಇದೆಂದು ನನ್ನ ಗಟ್ಟಿ ನಂಬಿಕೆ.

ಹಳೆಯ ಪದ್ಧತಿಯಲ್ಲಿ ಇದನ್ನು ಒಂದೇ ಸೂಜಿಯಲ್ಲಿ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಬಟ್ಟೆ ಮಡಚಿ, ಮಡಿಕೆಗೆ ಉಗುರಿನಿಂದ ಗೆರೆ ಎಳೆದು, ಅಂಚಿನಿಂದ 2 ಮಿಲಿಮೀಟರ್ ಒಳಗೆ ಹೊಲಿಗೆ ಓಡಿಸುವುದು. ಕೈ ಪಳಗಿದವರು ಹಾಕಿದರೆ ಅದರ ಅಂದಕ್ಕೆ ಸಾಟಿ ಇಲ್ಲ. ಆದರೆ ಪ್ರತಿ ಮಡಿಕೆಯನ್ನೂ ಬೇರೆ ಬೇರೆ ಗುರುತು ಹಾಕಿ ಇಸ್ತ್ರಿ ಮಾಡಬೇಕು. 2 ಮಿಲಿಮೀಟರಿನ ಒಂದು ಮಡಿಕೆ 4 ಮಿಲಿಮೀಟರ್ ಬಟ್ಟೆ ನುಂಗುತ್ತದೆ. 20 ಏಣು ಹಾಕಿದರೆ 8 ಸೆಂಟಿಮೀಟರ್ ಬಟ್ಟೆ ಹೋಯಿತು. ಎದೆಭಾಗವನ್ನು ಮೊದಲೇ ಅಳತೆಗೆ ಕತ್ತರಿಸಿಟ್ಟು, ಆಮೇಲೆ ಏಣು ಹಾಕಿ, ಕುರ್ತಾ ಬಿಗಿಯಾಯಿತೆಂದು ಕಣ್ಣೀರು ಹಾಕಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವಳಿ ಸೂಜಿಯಾಗಲಿ ಒಂಟಿ ಸೂಜಿಯಾಗಲಿ, ಇದೊಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ: ಏಣು ಮೊದಲು, ಕತ್ತರಿ ಆಮೇಲೆ. ಬಟ್ಟೆಯನ್ನು ದೊಡ್ಡದಾಗಿ ಹರಿದುಕೊಂಡು, ಏಣುಗಳನ್ನೆಲ್ಲ ಹಾಕಿ ಮುಗಿಸಿ, ಅದರ ಮೇಲೆ ಪೇಪರ್ ಕಟಿಂಗ್ ಇಟ್ಟು ಕತ್ತರಿಸಬೇಕು.

ಅವಳಿ ಸೂಜಿಗೆ ನಮ್ಮ ಅಂಗಡಿಗಳಲ್ಲಿ ಡಬಲ್ ನೀಡಲ್ ಅನ್ನುತ್ತಾರೆ. ಒಂದೇ ಕಾಂಡ, ಅದರ ಕೆಳಗೆ ಅಡ್ಡಪಟ್ಟಿ, ಅಡ್ಡಪಟ್ಟಿಯಿಂದ ಇಳಿಬಿದ್ದ ಎರಡು ಮೊನೆ. ಮೇಲೆ ಎರಡು ದಾರ, ಕೆಳಗೆ ಬಾಬಿನ್ ಒಂದೇ. ಗುಟ್ಟೆಲ್ಲ ಈ ಒಂದೇ ಬಾಬಿನ್ನಿನಲ್ಲಿದೆ. ಮೇಲೆ ನೋಡಿದರೆ ಎರಡು ನೆಟ್ಟನೆಯ ಹೊಲಿಗೆ. ಬಟ್ಟೆ ತಿರುಗಿಸಿ ನೋಡಿ, ಕೆಳಗಿನ ದಾರ ಒಮ್ಮೆ ಎಡಸಾಲಿಗೆ, ಒಮ್ಮೆ ಬಲಸಾಲಿಗೆ ಹಾವಿನಂತೆ ಹರಿದಿರುತ್ತದೆ. ಹೀಗೆ ಹರಿಯುವಾಗ ಅದು ಎರಡೂ ಸಾಲನ್ನು ತನ್ನತ್ತ ಎಳೆಯುತ್ತದೆ. ನಡುವೆ ಸಿಕ್ಕ ಬಟ್ಟೆಗೆ ಹೋಗಲು ಬೇರೆ ಜಾಗವಿಲ್ಲ, ಮೇಲಕ್ಕೆದ್ದು ಏಣಾಗುತ್ತದೆ. ದಾರದ ಟೆನ್ಷನ್ ಬಿಗಿ ಮಾಡಿದಷ್ಟೂ ಏಣು ಎತ್ತರ, ಸಡಿಲ ಬಿಟ್ಟಷ್ಟೂ ಚಪ್ಪಟೆ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದುಡಿದು ಬಂದ ಅಕ್ಕಂದಿರು ಇಲ್ಲೊಂದು ಪ್ರಶ್ನೆ ಕೇಳುತ್ತಾರೆ. "ಅಲ್ಲೂ ಎರಡು ಸೂಜೀನ ಇರ್ತಾವಲ್ಲ, ಪ್ಯಾಂಟಿನ ಹೊಲಿಗಿ ಯಾಕ ಉಬ್ಬಂಗಿಲ್ಲ?" ಒಳ್ಳೆಯ ಪ್ರಶ್ನೆ. ಕಾರ್ಖಾನೆಯ ಆ ಮಷೀನಿನಲ್ಲಿ ಪ್ರತಿ ಸೂಜಿಗೂ ಕೆಳಗೆ ತನ್ನದೇ ದಾರ ಇರುತ್ತದೆ. ಒಂದು ಸಾಲು ಇನ್ನೊಂದನ್ನು ಎಳೆಯುವುದಿಲ್ಲ, ಆದ್ದರಿಂದ ಹೊಲಿಗೆ ಮಲಗಿಕೊಂಡಿರುತ್ತದೆ. ಮನೆ ಮಷೀನಿನ ಅವಳಿ ಸೂಜಿಯಲ್ಲಿ ಇಬ್ಬರಿಗೆ ಒಂದೇ ಕೆಳದಾರ, ಎಳೆದಾಟ ತಪ್ಪದು. ಬೇರೆ ಹೊಲಿಗೆಯಲ್ಲಿ ಉಬ್ಬಿದರೆ ಬಿಚ್ಚಿ ಮತ್ತೆ ಹಾಕಿ ಎಂದು ಬೈಸಿಕೊಳ್ಳುತ್ತೇವೆ. ಇಲ್ಲಿ ಆ ಉಬ್ಬೇ ನಮಗೆ ಬೇಕಾದದ್ದು.

ನಾನು ಮೊದಲ ಅವಳಿ ಸೂಜಿ ತಂದದ್ದು ದಾವಣಗೆರೆಯಿಂದ. ಮನೆಗೆ ಬಂದು ನನ್ನ ಕರಿ ಮಷೀನಿಗೇ ಹಾಕಿದೆ. ಕಾಂಡವೇನೋ ಕೂತಿತು. ಪೆಡಲ್ ಒತ್ತಿದೊಡನೆ ಟಕ್ ಎಂದು ಸಿಡಿದು ಮುರಿಯಿತು, ಒಂದು ಚೂರು ಕನ್ನಡಕಕ್ಕೆ ಬಡಿಯಿತು. ಆ ದಿನ ಕನ್ನಡಕ ಹಾಕಿರದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ನೆನೆಯುತ್ತೇನೆ. ಕಾರಣ ಆಮೇಲೆ ತಿಳಿಯಿತು. ನಮ್ಮ ಮನೆಗಳಲ್ಲಿರುವ ಕರಿ ಮಷೀನು ನೆಟ್ಟನೆ ಹೊಲಿಗೆಗೆಂದೇ ಮಾಡಿದ್ದು. ಅದರ ಪ್ಲೇಟಿನಲ್ಲಿ ಒಂದೇ ಸೂಜಿ ಇಳಿಯುವಷ್ಟು ಸಣ್ಣ ತೂತು. ಮೇಲಾಗಿ ಅದಕ್ಕೆ ದಾರ ಪೋಣಿಸುವುದು ಪಕ್ಕದಿಂದ. ಹಾಗಾಗಿ ಅವಳಿ ಸೂಜಿ ಹಾಕಿದರೆ ಎರಡು ಮೊನೆ ಅಕ್ಕಪಕ್ಕ ನಿಲ್ಲದೆ ಒಂದರ ಹಿಂದೊಂದು ನಿಲ್ಲುತ್ತವೆ. ಎರಡು ಸಾಲು ಬರುವುದೇ ಇಲ್ಲ. ಅವಳಿ ಸೂಜಿಗೆ ಜಿಗ್‌ಜಾಗ್ ಮಷೀನೇ ಆಗಬೇಕು. ಅದರ ಪ್ಲೇಟಿನ ತೂತು ಅಡ್ಡಲಾಗಿ ಅಗಲ, ದಾರ ಪೋಣಿಸುವುದು ಎದುರಿನಿಂದ.

ಜಿಗ್‌ಜಾಗ್ ಎಲ್ಲಿಂದ ತರೋಣ ಎಂದು ಕೂಡ್ಲಿಗಿಯ ಒಬ್ಬ ತಂಗಿ ಕೇಳಿದಳು. ಸೀರೆಗೆ ಫಾಲ್, ಪೀಕೋ ಹಾಕುವವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ನಮ್ಮ ಐದೂ ತಾಲ್ಲೂಕು ಕೇಂದ್ರಗಳಲ್ಲಿದ್ದಾರೆ. ಅವರ ಮಷೀನಿನ ಪ್ಲೇಟು ನೋಡಿ. ತೂತು ಅಗಲವಿದ್ದರೆ, ಜಿಗ್‌ಜಾಗ್ ಅಗಲವನ್ನು ಸೊನ್ನೆಗಿಟ್ಟು, ಪೆಡಲ್ ಮುಟ್ಟದೆ ಕೈಯಲ್ಲೇ ಚಕ್ರ ತಿರುಗಿಸಿ. ಎರಡೂ ಮೊನೆ ಪ್ಲೇಟಿಗಾಗಲಿ ಫೂಟಿಗಾಗಲಿ ತಾಗದೆ ಇಳಿದು ಎದ್ದರೆ, ಮುಂದುವರಿಯಿರಿ. ತಾಗಿದರೆ ಅಲ್ಲಿಗೇ ನಿಲ್ಲಿಸಿ. ಕರಿ ಮಷೀನು ಮಾತ್ರ ಇರುವವರು ಬೇಸರ ಪಡಬೇಕಾಗಿಲ್ಲ. ಮಡಿಕೆಯ ಪಿನ್ ಟಕ್ ನಿಮ್ಮದೇ, ಬಟ್ಟೆಗಳ ಸ್ವಭಾವದ ಬಗ್ಗೆ ಮುಂದೆ ಹೇಳುವುದರಲ್ಲಿ ಬಹುಪಾಲು ನಿಮಗೂ ಸಲ್ಲುತ್ತದೆ.

ಸೂಜಿಯ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತದೆ, 2.0/80 ಅಥವಾ 4.0/90 ಎಂಬಂತೆ. ಮೊದಲನೆಯದು ಎರಡು ಮೊನೆಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಎರಡನೆಯದು ಸೂಜಿಯ ದಪ್ಪ. 80 ಎಂದರೆ 0.80 ಮಿಲಿಮೀಟರ್. ನಾವು 14 ನಂಬರ್ ಅನ್ನುವ ಸೂಜಿಯೇ 90, ನಮ್ಮ 16 ನಂಬರೇ 100. 1.6ರಿಂದ ಹಿಡಿದು 6, 8 ಮಿಲಿಮೀಟರ್ ತನಕ ಅಂತರದ ಸೂಜಿಗಳಿವೆ. ಪಿನ್ ಟಕ್ ಕಲಿಯುವವರು 2.0/80 ಒಂದು, 4.0/90 ಒಂದು ತಂದಿಟ್ಟುಕೊಂಡರೆ ಬಹಳ ದಿನ ನಡೆಯುತ್ತದೆ.

ಅದರ ಜೊತೆಗೆ ಪಿನ್ ಟಕ್ ಫೂಟ್ ಎಂಬುದೊಂದಿದೆ. ಕೆಳಮೈಯಲ್ಲಿ ಉದ್ದುದ್ದ ಗಾಡಿಗಳು, ಅಂದರೆ ಸಣ್ಣ ತೋಡುಗಳು, ಇರುವ ಫೂಟು. ಮೂರು, ಐದು, ಏಳು, ಒಂಬತ್ತು ಗಾಡಿಯವು ಸಿಗುತ್ತವೆ. 2 ಮಿಲಿಮೀಟರ್ ಸೂಜಿಗೆ ಏಳು ಗಾಡಿಯದು, 4 ಮಿಲಿಮೀಟರಿಗೆ ಮೂರು ಗಾಡಿಯದು ಹೊಂದುತ್ತದೆ. ಮೊದಲ ಏಣು ಹಾಕಿದ ಮೇಲೆ ಅದನ್ನು ಪಕ್ಕದ ಗಾಡಿಯೊಳಗೆ ಕೂರಿಸಿ ಎರಡನೆಯದನ್ನು ಹೊಲಿಯಬೇಕು. ಎರಡನೆಯದು ಮೂರನೆಯದಕ್ಕೆ ದಾರಿ ತೋರಿಸುತ್ತದೆ. ಕೂರಿಗೆಯವನು ಹಿಂದಿನ ಸಾಲು ನೋಡಿ ಮುಂದಿನದು ಹಿಡಿದಂತೆಯೇ. ಹೀಗಾಗಿ ಸೀಮೆಸುಣ್ಣದ ಗೆರೆ ಒಂದೇ ಸಾಕು, ಮೊದಲನೆಯದಕ್ಕೆ. ಆ ಮೊದಲ ಗೆರೆಯನ್ನು ಮಾತ್ರ ನಾನು ಸ್ಕೇಲಿಟ್ಟು ಎಳೆಯುವುದಿಲ್ಲ. ಬಟ್ಟೆಯ ಉದ್ದಕ್ಕೆ ಒಂದೇ ಒಂದು ನೂಲನ್ನು ಮೆಲ್ಲಗೆ ಎಳೆದು ತೆಗೆಯುತ್ತೇನೆ. ನೂಲು ಹೋದ ಜಾಗ ತಾನೇ ಗೆರೆಯಾಗುತ್ತದೆ, ನೇಕಾರ ಹಾಕಿದ ಗೆರೆ ಅದು, ಸೊಟ್ಟಗಾಗುವ ಮಾತೇ ಇಲ್ಲ.

ಇನ್ನು ಬಟ್ಟೆಗಳ ವಿಚಾರ. ಇದನ್ನು ಹೇಳಲಿಕ್ಕಾಗಿಯೇ ನಾನು ಬಂದದ್ದು.

ಒಂದು ಬೇಸಿಗೆಯಲ್ಲಿ, ಕೊಟ್ಟೂರೇಶ್ವರನ ತೇರಿನ ಗಡಿಬಿಡಿ ಮುಗಿದು ಕೈ ಬಿಡುವಾದಾಗ, ವರ್ಷದಿಂದ ಉಳಿದಿದ್ದ ಬಟ್ಟೆ ಚೂರುಗಳ ಗಂಟು ಬಿಚ್ಚಿದೆ. ಒಂದೊಂದು ಜಾತಿಯ ಬಟ್ಟೆಯಲ್ಲಿ ಅಂಗೈ ಅಗಲದ ಚೂರು ತೆಗೆದು, ಒಂದೇ ಸೂಜಿ, ಒಂದೇ ದಾರದಲ್ಲಿ ಐದೈದು ಏಣು ಹಾಕುತ್ತ ಹೋದೆ. ಆಮೇಲೆ ಸೂಜಿ ಬದಲಿಸಿ ಮತ್ತೆ. ಟೆನ್ಷನ್ ಬದಲಿಸಿ ಮತ್ತೆ. ಸೂಜಿ ಅದೇ, ಕೈ ಅದೇ, ಬಟ್ಟೆ ಬದಲಾದೊಡನೆ ಏಣು ಬೇರೆಯೇ ಆಗುತ್ತಿತ್ತು. ಅಷ್ಟು ವರ್ಷ ಹೊಲಿದರೂ ಬಟ್ಟೆಗಳ ಗುಣ ನನಗೆ ಸರಿಯಾಗಿ ಗೊತ್ತಾದದ್ದು ಆ ಬೇಸಿಗೆಯಲ್ಲೇ.

ಮಲ್ ಬಟ್ಟೆ, ವಾಯಿಲ್, ತೆಳು ಕೇಂಬ್ರಿಕ್. ಪಿನ್ ಟಕ್ಕಿಗೆ ಇವೇ ಹೇಳಿ ಮಾಡಿಸಿದವು. 2.0/80 ಸೂಜಿ, ಇನ್ನೂ ತೆಳುವಾದರೆ 1.6/70. ಹೊಲಿಗೆಯ ಉದ್ದ 2 ಮಿಲಿಮೀಟರಿನ ಆಸುಪಾಸು. ಆದರೆ ಅಂಗಡಿಯಿಂದ ತಂದ ಹಾಗೇ ಹೊಲಿಯಬಾರದು. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಅಕ್ಕಿ ಗಂಜಿ ತಿಳಿಯಾಗಿ ಹಾಕಿ ಇಸ್ತ್ರಿ ಮಾಡಿ. ನೆನೆಸದೆ ಹೊಲಿದರೆ ಮೊದಲ ಒಗೆತದಲ್ಲಿ ಬಟ್ಟೆ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ, ಏಣೆಲ್ಲ ಒಣಮೆಣಸಿನಕಾಯಿಯಂತೆ ಸುಕ್ಕಾಗುತ್ತದೆ. ಗಂಜಿ ಕೊಟ್ಟ ಮಲ್ ಬಟ್ಟೆಯ ಮೇಲೆ ಏಣು ಹರಿಯುವುದನ್ನು ನೋಡುವುದೇ ಒಂದು ಸುಖ. ಹಡಗಲಿ ಮಲ್ಲಿಗೆಯ ಮೊಗ್ಗು ದಾರದಲ್ಲಿ ಒತ್ತೊತ್ತಾಗಿ ಕೂತಂತೆ ಕೂರುತ್ತವೆ.

ಹಾಸು, ಹೊಕ್ಕು ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಟ್ಟೆಯ ಅಂಚಿಗೆ ಸಮನಾಗಿ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸಿನ ನೂಲು ಮಗ್ಗದಲ್ಲಿ ಬಿಗಿಯಾಗಿ ನಿಂತು ನೇಯಿಸಿಕೊಂಡದ್ದು, ಹಿಗ್ಗುವುದು ಕಡಿಮೆ. ಹಾಸಿನ ಜೊತೆ ಹೊಲಿದ ಏಣು ನೆಟ್ಟಗೆ, ನುಣ್ಣಗೆ. ಹೊಕ್ಕಿನ ಜೊತೆ ಹೊಲಿದರೆ ಸ್ವಲ್ಪ ಸುಕ್ಕು. ಕ್ರಾಸ್ ಹಿಡಿದು ಹೊಲಿದರೆ ಬಟ್ಟೆ ಹಿಗ್ಗಿ ಹಾವಿನ ನಡಿಗೆ. ಮೂರನ್ನೂ ಒಂದೇ ಚೂರಿನಲ್ಲಿ ಹೊಲಿದು ನೋಡಿ, ಮರೆಯುವುದಿಲ್ಲ.

ಬಿಳಿ ಹತ್ತಿಯ ಮೇಲಿನ ಏಣು ನಮ್ಮಲ್ಲಿ ಹೊಸದೆಂದು ಕಂಡರೂ ಬಿಸಿಲ ನಾಡಿನವರಿಗೆಲ್ಲ ಪ್ರಿಯವಾದದ್ದು. ದೂರದ ಕ್ಯೂಬಾದಲ್ಲಿ ಗುವಾಯಬೆರಾ ಎಂಬ ಅಂಗಿಯಿದೆ. ಎದೆಯ ಎರಡೂ ಬದಿಗೆ ಮೇಲಿನಿಂದ ಕೆಳಗಿನ ತನಕ ಸಣ್ಣ ಸಣ್ಣ ಏಣುಗಳ ಪಟ್ಟಿ, ನಾಲ್ಕು ಜೇಬು. 2010ರಲ್ಲಿ ಆ ದೇಶ ಅದನ್ನೇ ಸರಕಾರಿ ಸಮಾರಂಭಗಳ ಅಧಿಕೃತ ಉಡುಪಾಗಿ ಮಾಡಿತು. ಕೊಟ್ಟೂರ ತೇರಿಗೆ ಬಿಳಿ ಅಂಗಿ ತೊಟ್ಟು ಪಾದಯಾತ್ರೆಯಲ್ಲಿ ಬರುವ ಸಾವಿರಾರು ಜನರನ್ನು ಕಂಡಾಗಲೆಲ್ಲ, ಇವರ ಎದೆಯ ಮೇಲೆ ನಾಲ್ಕು ಏಣಿದ್ದರೆ ಎಷ್ಟು ಚೆಂದ ಎಂದು ನನ್ನ ಕೈ ತುರಿಸುತ್ತದೆ.

ಟೂ ಬೈ ಟೂ, ನಮ್ಮ ಬ್ಲೌಸಿನ ನಿತ್ಯದ ಬಟ್ಟೆ. ಒತ್ತಾದ ನೇಯ್ಗೆ. 2.5/80 ಸೂಜಿಯಲ್ಲಿ ಏಣು ಚೆನ್ನಾಗಿ ಏಳುತ್ತದೆ. ಕಡುಬಣ್ಣದ ಟೂ ಬೈ ಟೂಗೆ ಮಾತ್ರ ಹಾಕಬೇಡಿ ಎನ್ನುತ್ತೇನೆ. ಏಣು ಕಾಣುವುದು ನೆರಳಿನಿಂದ. ಕಪ್ಪು, ಕಡುನೀಲಿ, ಕಂದು ಬಣ್ಣದಲ್ಲಿ ನೆರಳಿಗೆ ಜಾಗವೇ ಇರುವುದಿಲ್ಲ. ಹೂವಿನ ಪ್ರಿಂಟಿನಲ್ಲೂ ಅಷ್ಟೇ, ಪಟ್ಟ ಶ್ರಮ ಪ್ರಿಂಟಿನೊಳಗೆ ಅಡಗಿಹೋಗುತ್ತದೆ. ನೀವು ಹಾಕಿದ ಚೂರನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ನೋಡಬೇಡಿ, ನಮ್ಮ ಕಡೆಯ ನೆತ್ತಿಯ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಸಂಜೆ ಐದರ ಓರೆ ಬಿಸಿಲಿಗೆ ಹಿಡಿಯಿರಿ. ಆಗ ಗೊತ್ತಾಗುತ್ತದೆ ಯಾವುದು ಎದ್ದಿದೆ, ಯಾವುದು ಮಲಗಿದೆ ಎಂದು.

ಖಾದಿಯ ಮೇಲೆ ನನಗೆ ವಿಶೇಷ ಮಮತೆ. ಗಾಂಧೀಜಿಯವರ ಚಿತಾಭಸ್ಮ ಇರಿಸಿದ ಸ್ಮಾರಕ ಇರುವ ಊರು ನಮ್ಮ ಕೂಡ್ಲಿಗಿ. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಂಡ ಸಿಂಗರ್ ಪ್ರೀತಿಯಿಂದ ಅದನ್ನು ಮಾಡಿದ ಎಂಬ ಮಾತು ಅವರಿಗೆ ಮೆಚ್ಚುಗೆಯಾಗಿತ್ತು. ಖಾದಿಗೆ ಮೊದಲು 2 ಮಿಲಿಮೀಟರಿನ ಸೂಜಿ ಹಾಕಿದೆ. ಕೈಯಲ್ಲಿ ನೂತ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸಣ್ಣ ಏಣು ಆ ಏರುಪೇರಿನಲ್ಲಿ ಎದ್ದು ಬಿದ್ದು, ತುಂಡು ತುಂಡಾಗಿ ಕಂಡಿತು. 4.0/90ಕ್ಕೆ ಬದಲಿಸಿ, ಏಣಿಗೂ ಏಣಿಗೂ ನಡುವೆ ಬೆರಳಗಲ ಜಾಗ ಬಿಟ್ಟೆ. ಖಾದಿ ಆಗ ಒಪ್ಪಿತು. ಏಣಿನೊಳಗೆ ಒಂದು ಗಟ್ಟಿ ನೂಲು ಕೂರಿಸಿದರೆ ಇನ್ನೂ ಚೆನ್ನ. ಬಟ್ಟೆಯ ಕೆಳಗೆ, ಎರಡು ಮೊನೆಗಳ ನಡುವೆ ಆ ನೂಲನ್ನು ನೇರ ಹಿಡಿದು ಹೊಲಿಯುತ್ತ ಹೋದರೆ ಕೆಳದಾರ ಅದನ್ನು ಏಣಿನ ಹೊಟ್ಟೆಯೊಳಗೆ ಕಟ್ಟಿಹಾಕುತ್ತದೆ. ಎಷ್ಟು ಒಗೆದರೂ ಏಣು ಮಲಗುವುದಿಲ್ಲ. ಆ ನೂಲನ್ನೂ ಮೊದಲು ನೆನೆಸಿ ಒಣಗಿಸಿರಬೇಕು.

ಗುಳೇದಗುಡ್ಡದ ಖಣ ನಮ್ಮ ಅವ್ವಂದಿರ ಕುಪ್ಪಸದ ಬಟ್ಟೆ, ಈಗ ಹುಡುಗಿಯರೂ ಮತ್ತೆ ಕೇಳಿ ಹೊಲಿಸುತ್ತಿದ್ದಾರೆ. ಖಣದ ಮೇಲೆ ಪಿನ್ ಟಕ್ ಹಾಕಿ ನೋಡಿದೆ. ಆ ಚೂರನ್ನು ಈಗಲೂ ಇಟ್ಟುಕೊಂಡಿದ್ದೇನೆ, ಮಾಡಬಾರದ್ದಕ್ಕೆ ಉದಾಹರಣೆಯಾಗಿ. ಖಣದ ಅಂದವಿರುವುದು ಅದರ ಪುಟ್ಟ ಪುಟ್ಟ ಬುಟ್ಟಾಗಳ ಸಾಲಿನಲ್ಲಿ. ಏಣು ಅವನ್ನು ಅರ್ಧರ್ಧ ನುಂಗಿತು. ನೇಕಾರ ಮಾಡಿಟ್ಟ ಚಿತ್ತಾರದ ಮೇಲೆ ನಮ್ಮ ಚಿತ್ತಾರ ಹೇರಬಾರದು. ಖಣವನ್ನು ಖಣವಾಗಿಯೇ ಬಿಟ್ಟು, ಅದರ ಪಕ್ಕಕ್ಕೆ ಕೂಡಿಸುವ ಸಾದಾ ಹತ್ತಿ ತೋಳಿಗೋ ಯೋಕಿಗೋ ಏಣು ಹಾಕಿದರೆ ಎರಡೂ ಒಂದನ್ನೊಂದು ಮೆರೆಸುತ್ತವೆ. ಇಳಕಲ್ ಸೀರೆಗೆ ಹೊಂದಿಸಿ ಹೀಗೊಂದು ಕುಪ್ಪಸ ಹೊಲಿದುಕೊಟ್ಟೆ. ಹಗರಿಬೊಮ್ಮನಹಳ್ಳಿಯ ಆ ಹಿರಿಯರು ತೋಳನ್ನು ಬೆರಳಲ್ಲಿ ಸವರಿ, "ಯವ್ವಾ, ಇದು ಒಗದ್ರ ಹೋಗತೈತೇನು?" ಅಂದರು. "ಬಟ್ಟಿ ಹರಿಯಾತನ ಹೋಗಂಗಿಲ್ರಿ ಅಮ್ಮಾ" ಅಂದೆ. ಮರುವಾರ ಮಗಳಿಗೂ ಒಂದು ಹೊಲಿಸಿದರು.

ರೇಷ್ಮೆಗೆ ಧೈರ್ಯ ಸಾಲದು. ಕೂಡ್ಲಿಗಿಯ ಮಗ್ಗುಲಲ್ಲೇ ಇರುವ ಮೊಳಕಾಲ್ಮುರಿನ ರೇಷ್ಮೆಯ ಬ್ಲೌಸ್ ತುಂಡುಗಳು ನಮ್ಮಲ್ಲಿಗೆ ಬರುತ್ತವೆ. ಹತ್ತಿಯಲ್ಲಿ ತಪ್ಪಾದರೆ ಬಿಚ್ಚಿ, ನೀರು ಚಿಮುಕಿಸಿ, ಇಸ್ತ್ರಿ ಮಾಡಿದರೆ ಸೂಜಿ ತೂತು ಬಹಳಷ್ಟು ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಬಿದ್ದ ತೂತು ಬಿದ್ದದ್ದೇ. ಒಂದೇ ಸಲಕ್ಕೆ ಸರಿ ಬರಬೇಕು, ಅದಕ್ಕೆ ಹೊಚ್ಚಹೊಸ ಸೂಜಿ ಬೇಕು. ಹೊಲಿಗೆಯೊಳಗೆ ಹೋಗುವ ಅಂಚಿನಲ್ಲಿ ಪರೀಕ್ಷೆ ಮಾಡಿ, ಒಪ್ಪಿಗೆಯಾದರೆ ಮಾತ್ರ ನಡುಭಾಗಕ್ಕೆ ಕೈ ಹಾಕಿ. ಗಿರಾಕಿಯ ರೇಷ್ಮೆಯಾದರೆ ನಾನು ಮೊದಲೇ ಹೇಳಿ ಒಪ್ಪಿಗೆ ಪಡೆಯುತ್ತೇನೆ.

ಜಾರ್ಜೆಟ್ ನನ್ನನ್ನು ಮೂರು ದಿನ ಸತಾಯಿಸಿತು. ಬಟ್ಟೆ ಫೂಟಿನ ಕೆಳಗೆ ಜಾರುತ್ತದೆ, ಸಾಲು ಅತ್ತಿತ್ತ ಓಡುತ್ತದೆ. ಕೆಳಗೆ ತೆಳು ಕಾಗದ ಇಟ್ಟು ಹೊಲಿದೆ. ಸಾಲೇನೋ ನೆಟ್ಟಗಾಯಿತು, ಆದರೆ ಕಾಗದ ಬಟ್ಟೆಯನ್ನು ಮೇಲೇಳಲು ಬಿಡಲಿಲ್ಲ, ಏಣು ಸತ್ತೇಹೋಯಿತು. ಕಾಗದ ತೆಗೆದು, ಟೆನ್ಷನ್ ಸ್ವಲ್ಪ ಸಡಿಲಿಸಿ, ಒಂದು ಕೈ ಮುಂದೆ ಒಂದು ಕೈ ಹಿಂದೆ ಹಿಡಿದು ಬಟ್ಟೆಯನ್ನು ಬಿಗಿಯಾಗಿ, ಎಳೆಯದೆ, ನಿಧಾನ ಬಿಟ್ಟಾಗ ಒಂದು ಹದಕ್ಕೆ ಬಂತು. ಮೆತ್ತಗಿನ, ನೀರಿನ ಅಲೆಯಂಥ ಏಣು. ಮಲ್ ಬಟ್ಟೆಯ ಏಣಿನ ಖಡಕ್ಕು ಜಾರ್ಜೆಟ್ಟಿನಲ್ಲಿ ಬರುವುದಿಲ್ಲ, ಬರಬೇಕೆಂದು ಹಟ ಹಿಡಿಯಲೂ ಬಾರದು. ದುಪಟ್ಟಾದ ತುದಿಗೆ ಈ ಮೆತ್ತನೆಯ ಏಣೇ ಚೆಂದ. ಸ್ಯಾಟಿನ್ ಮಾತ್ರ ನನಗೆ ಒಲಿಯಲಿಲ್ಲ. ಹೊಳೆಯುವ ಮೈ ಒಂದೊಂದು ಸುಕ್ಕನ್ನೂ ಎತ್ತಿ ತೋರಿಸುತ್ತದೆ.

ಬನಿಯನ್ ಬಟ್ಟೆಗೆ ಹಿಗ್ಗುವ ಬಟ್ಟೆಗೆಂದೇ ಮಾಡಿದ ಅವಳಿ ಸೂಜಿ ಬೇಕು, ಸಾಮಾನ್ಯ ಸೂಜಿ ಹೊಲಿಗೆ ಬಿಟ್ಟುಬಿಟ್ಟು ಹೋಗುತ್ತದೆ. ಏಣು ಸಲೀಸಾಗಿ ಏಳುತ್ತದೆ. ಕೆಳದಾರ ಅಂಕುಡೊಂಕಾಗಿ ಹರಿದಿರುವುದರಿಂದ ಬಟ್ಟೆ ಹಿಗ್ಗಿದರೂ ಹೊಲಿಗೆ ಬೇಗ ಹರಿಯುವುದಿಲ್ಲ. ಎಳೆಮಕ್ಕಳ ಅಂಗಿಗೆ ಚೆನ್ನ. ದಪ್ಪ ಜೀನ್ಸ್ ಬಟ್ಟೆಯಲ್ಲಿ ಏಣು ಏಳುವುದೇ ಇಲ್ಲ, ಎರಡು ಹೊಲಿಗೆ ಕಾಣುತ್ತದೆ, ಅಷ್ಟೇ. ವೆಲ್ವೆಟ್ಟಿನ ರೋಮ ನಜ್ಜುಗುಜ್ಜಾಗುತ್ತದೆ. ಮೈಲಾರದ ಗೊರವಪ್ಪನ ಕರಿಕಂಬಳಿಯಂಥ ಉಣ್ಣೆಯನ್ನು ಈ ಸೂಜಿಯ ಹತ್ತಿರ ತರಲೇಬೇಡಿ.

ದಾರದ ಬಗ್ಗೆ ಎರಡು ಮಾತು. ಎರಡು ರೀಲು ಒಂದೇ ಕಡೆಗೆ ಬಿಚ್ಚಿಕೊಂಡರೆ ದಾರಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಬಿಚ್ಚುವಂತೆ ಇಡಿ. ಟೆನ್ಷನ್ ಬಿಲ್ಲೆಯ ಒಂದು ಪಕ್ಕದಲ್ಲಿ ಒಂದು, ಇನ್ನೊಂದು ಪಕ್ಕದಲ್ಲಿ ಇನ್ನೊಂದು ಹೋಗಲಿ. ಎರಡನೆಯ ರೀಲಿಲ್ಲದಿದ್ದರೆ ಅದೇ ದಾರವನ್ನು ಒಂದು ಖಾಲಿ ಬಾಬಿನ್ನಿಗೆ ಸುತ್ತಿಕೊಂಡರೆ ಆಯಿತು. ಮೂಲೆ ತಿರುಗಿಸುವಾಗ ಸೂಜಿ ಬಟ್ಟೆಯೊಳಗಿಟ್ಟು ತಿರುಗಿಸಬೇಡಿ, ಅವಳಿ ಸೂಜಿ ತಿರುಚಿ ಮುರಿಯುತ್ತದೆ. ಕೊನೆಗೆ ಇಸ್ತ್ರಿ: ಮಡಚಿದ ಟವೆಲ್ಲಿನ ಮೇಲೆ ಏಣಿನ ಮುಖ ಕೆಳಗಾಗಿ ಹಾಸಿ, ಹಿಂದಿನಿಂದ ಮಾಡಿ. ಮೇಲಿನಿಂದ ಒತ್ತಿದರೆ ಮಾಡಿದ್ದೆಲ್ಲ ಮಣ್ಣುಪಾಲು.

ಹರಪನಹಳ್ಳಿ ಕಡೆಯ ಒಂದು ತಾಂಡಾದಿಂದ ಒಬ್ಬ ಹುಡುಗಿ ಕಲಿಯಲು ಬರುತ್ತಿದ್ದಳು. ಅವಳ ಅಜ್ಜಿ ಫೇಟಿಯಾ ಲಂಗ, ಕಾಂಚಳಿ ಕುಪ್ಪಸಗಳ ಮೇಲೆ ಲಂಬಾಣಿ ಕಸೂತಿ ಹಾಕುವವಳು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಈ ಹುಡುಗಿ ನಾನು ಹೇಳಿಕೊಡದ ಒಂದು ಕೆಲಸ ಮಾಡಿದಳು. ಮಾಸಲು ಬಿಳಿಯ ಹತ್ತಿಯ ಮೇಲೆ 4 ಮಿಲಿಮೀಟರಿನ ಏಣು ಹಾಕಿ, ಏಣುಗಳ ನಡುವಿನ ತಗ್ಗಿನಲ್ಲಿ ಅಜ್ಜಿಯಿಂದ ಕಲಿತ ಹೊಲಿಗೆಯನ್ನು ಕೆಂಪು ದಾರದಲ್ಲಿ ಹಾಕಿದಳು. ಗೆರೆ ಎಳೆದುಕೊಳ್ಳುವ ಕೆಲಸವೇ ಇರಲಿಲ್ಲ, ಏಣೇ ಅವಳಿಗೆ ಗೆರೆ. ಅಜ್ಜಿಯ ಸೂಜಿಗೂ ಮೊಮ್ಮಗಳ ಮಷೀನಿಗೂ ಆ ಚೂರಿನ ಮೇಲೆ ಜಗಳವೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಅತ್ಯಂತ ಬೆಲೆಬಾಳುವ ಚೂರು ಅದು.

ಪುಸ್ತಕ ಎಂದೆ. ಆ ಬೇಸಿಗೆಯ ಚೂರುಗಳನ್ನೆಲ್ಲ ಒಂದು ಹಳೆಯ ಲೆಕ್ಕದ ಪುಸ್ತಕಕ್ಕೆ ಅಂಟಿಸಿ, ಪ್ರತಿಯೊಂದರ ಕೆಳಗೆ ಬಟ್ಟೆ ಯಾವುದು, ಸೂಜಿ ಎಷ್ಟು, ಟೆನ್ಷನ್ ಎಷ್ಟರ ಮೇಲಿತ್ತು, 10 ಸೆಂಟಿಮೀಟರ್ ಅಗಲದ ಬಟ್ಟೆ ಐದು ಏಣಾದ ಮೇಲೆ ಎಷ್ಟು ಉಳಿಯಿತು ಎಂದು ಬರೆದಿಟ್ಟಿದ್ದೇನೆ. ಗಿರಾಕಿ ಬಂದರೆ ಬಾಯಲ್ಲಿ ವರ್ಣಿಸುವುದಿಲ್ಲ, ಪುಟ ತೆರೆದು ಮುಟ್ಟಿಸುತ್ತೇನೆ. ಮುಟ್ಟಿದವರು ಮಜೂರಿಗೆ ಚೌಕಾಸಿ ಮಾಡುವುದು ಕಡಿಮೆ. ಒಂದು ಸಾದಾ ಬ್ಲೌಸಿನ ಮಜೂರಿಗೂ ಏಣಿನ ತೋಳಿನ ಬ್ಲೌಸಿನ ಮಜೂರಿಗೂ ಇರುವ ವ್ಯತ್ಯಾಸದಲ್ಲಿ ನನ್ನ ಬಳಿ ಕಲಿತ ಇಬ್ಬರು ಹುಡುಗಿಯರು ಸ್ವಂತ ಜಿಗ್‌ಜಾಗ್ ಮಷೀನು ಕೊಂಡಿದ್ದಾರೆ. ಬೆಂಗಳೂರಿನ ಗಾರ್ಮೆಂಟಿಗೆ ಹೋಗಬೇಕೆಂದಿದ್ದ ಒಬ್ಬಳು ಹೂವಿನಹಡಗಲಿಯಲ್ಲೇ ಉಳಿದಳು.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯ ಜೊತೆ ಸೇರಿದ್ದು ನಮ್ಮ ಈ ಐದು ತಾಲ್ಲೂಕುಗಳು. ಇಲ್ಲಿ ಮಳೆ ಕಡಿಮೆ, ದೊಡ್ಡ ಕಾರ್ಖಾನೆಗಳಿಲ್ಲ. ಆದರೆ ಹೊಲಿಗೆ ಮಷೀನಿಲ್ಲದ ಓಣಿ ಇಲ್ಲ. ಸರಕಾರದಿಂದ ಬಂದ ಮಷೀನು, ತವರಿನವರು ಕೊಟ್ಟ ಮಷೀನು, ಸಂಘದ ಸಾಲದಲ್ಲಿ ತಂದ ಮಷೀನು. ಅವುಗಳಲ್ಲಿ ಎಷ್ಟೋ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿವೆ.

ಕೇಳುತ್ತಿರುವ ಅಕ್ಕತಂಗಿಯರಲ್ಲಿ, ಹೊಲಿಗೆ ಕೆಲಸದ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ. ಈ ವಾರ ಕತ್ತರಿಸಿ ಉಳಿದ ಚೂರುಗಳನ್ನು ತಲೆದಿಂಬಿಗೆ ತುಂಬುವ ಮುಂಚೆ ಮೂರನ್ನು ತೆಗೆದಿಡಿ: ಒಂದು ತೆಳು ಹತ್ತಿಯದು, ಒಂದು ದಪ್ಪ ಹತ್ತಿಯದು, ಒಂದು ಜಾರುವ ಬಟ್ಟೆಯದು. ಅವಳಿ ಸೂಜಿ ಇದ್ದವರು ಅದರಲ್ಲಿ, ಇಲ್ಲದವರು ಮಡಿಕೆ ಹಿಡಿದು, ಮೂರಕ್ಕೂ ಐದೈದು ಏಣು ಹಾಕಿ. ಸಂಜೆ ಬಿಸಿಲಿಗೆ ಹಿಡಿದು ನೋಡಿ. ಕಂಡದ್ದನ್ನು ಅದರ ಕೆಳಗೇ ಬರೆದಿಡಿ. ಮಷೀನಿನ ಮುಂದೆ ಕೂರುವಾಗ ಕನ್ನಡಕ ಹಾಕಿಕೊಳ್ಳುವುದನ್ನು ಮರೆಯಬೇಡಿ.